ಚಿತ್ರಪುಸ್ತಕ, ಮಗುವಿನ ಬರಹ ಮತ್ತು ಮೌಲ್ಯಮಾಪನ: ಕೊಡಗಿನ ಭಾಷಿಕ ಪರಿಸರದಲ್ಲಿ ಒಂದು ವಿವೇಚನೆ

ಕನ್ನಡ ವಿಮರ್ಶೆಯಲ್ಲಿ ಓದುಗನನ್ನು ಕುರಿತ ಚರ್ಚೆ ಹೊಸದೇನಲ್ಲ. ಸಹೃದಯ ಪರಿಕಲ್ಪನೆಯಿಂದ ಹಿಡಿದು ಓದುಗ ಸ್ಪಂದನ ಸಿದ್ಧಾಂತದವರೆಗೆ ಅದು ಹಲವು ಹಂತಗಳನ್ನು ದಾಟಿ ಬಂದಿದೆ. ಆದರೆ ಈ ಚರ್ಚೆಗಳ ಓದುಗ ಬಹುಮಟ್ಟಿಗೆ ವಯಸ್ಕ, ಅಕ್ಷರ ಬಲ್ಲವನು, ತಾನು ಓದುವ ಭಾಷೆಯನ್ನೇ ಮನೆಯಲ್ಲೂ ಆಡುವವನು. ಆರರಿಂದ ಒಂಬತ್ತು ವರ್ಷದ ಮಗು ಚಿತ್ರಪುಸ್ತಕವೊಂದನ್ನು ನೋಡಿ ಎರಡು ಸಾಲು ಬರೆದರೆ ಆ ಎರಡು ಸಾಲನ್ನು ಹೇಗೆ ಓದಬೇಕೆಂಬ ಪ್ರಶ್ನೆಯನ್ನು ಕನ್ನಡ ಅಧ್ಯಯನವು ಶಿಕ್ಷಣಶಾಸ್ತ್ರಕ್ಕೆ ಬಿಟ್ಟುಕೊಟ್ಟಿದೆ. ಶಾಲೆಯ ದಿನನಿತ್ಯದ ಒತ್ತಡದಲ್ಲಿ ಆ ಪ್ರಶ್ನೆ ಕಾಗುಣಿತದ ತಪ್ಪುಗಳನ್ನು ಎಣಿಸುವ ಕೆಲಸವಾಗಿ ಕುಗ್ಗಿದೆ.

ಮಗುವಿನ ಒಂದು ವಾಕ್ಯದಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿರುತ್ತವೆ: ಅದು ಪುಸ್ತಕದಲ್ಲಿ ಏನನ್ನು ಕಂಡಿತು, ಕಂಡದ್ದನ್ನು ಯಾವ ಮಾತಿನಲ್ಲಿ ಯೋಚಿಸಿತು, ಆ ಮಾತನ್ನು ಎಷ್ಟರಮಟ್ಟಿಗೆ ಲಿಪಿಗೆ ಇಳಿಸಬಲ್ಲದು. ಈ ಮೂರನ್ನು ಬೇರ್ಪಡಿಸದೆ ಕೊಡುವ ಅಂಕ ಯಾವುದಕ್ಕೆ ಸಲ್ಲುತ್ತದೆ ಎಂದು ಹೇಳಲಾಗದು. ಕೊಡಗಿನಂತಹ ಬಹುಭಾಷಿಕ ಜಿಲ್ಲೆಯಲ್ಲಿ ಈ ಗೊಂದಲದ ಬೆಲೆ ಹೆಚ್ಚು. ಚೆನ್ನಾಗಿ ಓದಿದ ಮಗುವೇ ‘ಓದಲು ಬಾರದು’ ಎಂದು ದಾಖಲಾಗುವ ಸಾಧ್ಯತೆ ಅಲ್ಲಿದೆ. ಈ ಅಂಶವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇಲ್ಲಿ ಉದಾಹರಿಸಿದ ಮಕ್ಕಳ ವಾಕ್ಯಗಳು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದವಲ್ಲ. ಆಯಾ ಭಾಷೆಗಳ ಲಕ್ಷಣಗಳನ್ನೂ ಜಿಲ್ಲೆಯ ಜೀವನವನ್ನೂ ಆಧರಿಸಿ ವಿವರಣೆಗಾಗಿ ರೂಪಿಸಿಕೊಂಡವು.

1. ‘ನರಿ’ ಎಂದರೆ ಯಾವ ಪ್ರಾಣಿ?

ಕೊಡಗಿನಲ್ಲಿ ಕನ್ನಡವು ಆಡಳಿತದ ಹಾಗೂ ಶಾಲೆಯ ಭಾಷೆಯಾಗಿ ಬಹುಕಾಲದಿಂದ ನೆಲೆಗೊಂಡಿದೆ. ಹಾಲೇರಿ ಅರಸರ ಕಾಲದ ‘ರಾಜೇಂದ್ರನಾಮೆ’ ಕನ್ನಡದಲ್ಲಿದೆ. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡ ಮೇಲೂ ಶಾಲೆಗಳಲ್ಲಿ ಕನ್ನಡವೇ ಮುಂದುವರಿಯಿತು. ಆದರೆ ಮಕ್ಕಳು ಶಾಲೆಗೆ ತರುವ ಮನೆಮಾತು ಒಂದೇ ಅಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ತಮಿಳು, ಯರವರ ಮಾತು, ಕುರುಬರ ನುಡಿಗಳು ಅಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಉತ್ತರದ ಸೋಮವಾರಪೇಟೆ ಭಾಗದಲ್ಲಿ ಕನ್ನಡವೇ ಮನೆಮಾತಾಗಿರುವ ಕುಟುಂಬಗಳು ಹೆಚ್ಚು. ದಕ್ಷಿಣಕ್ಕೆ ಸರಿದಂತೆ ಚಿತ್ರ ಬದಲಾಗುತ್ತದೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ದೇಶದಲ್ಲಿ ಕೊಡವ ಭಾಷಿಕರ ಒಟ್ಟು ಸಂಖ್ಯೆ 1,13,857.

ಹುಲಿಯಿರುವ ಚಿತ್ರಪುಸ್ತಕವೊಂದನ್ನು ತೆಗೆದುಕೊಳ್ಳಬಹುದು. ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಲ್ಲಿ ಪ್ರಥಮ್ ಬುಕ್ಸ್‌ಗಾಗಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಗಳಲ್ಲಿ ಒಂದು ಕ್ಷೌರದ ಕಥೆ. ಯಾರೂ ತಲೆಗೂದಲು ಕತ್ತರಿಸಿಕೊಡದಿದ್ದಾಗ ಶ್ರೀನಿವಾಸನಿಗೆ ನೆರವಾಗುವುದು ಹುಲಿ. ಈ ಕಥೆಯನ್ನು ಕೇಳಿ, ಚಿತ್ರ ನೋಡಿದ ಕೊಡವ ಮನೆಯ ಮಗು ‘ನರಿ ಬಂತು’ ಎಂದು ಬರೆದರೆ ಕನ್ನಡ ಮಾತ್ರ ಬಲ್ಲ ಶಿಕ್ಷಕರು ಏನೆಂದು ತಿಳಿಯಬಹುದು? ಮಗುವಿಗೆ ಹುಲಿಗೂ ನರಿಗೂ ವ್ಯತ್ಯಾಸ ಗೊತ್ತಿಲ್ಲ, ಚಿತ್ರವನ್ನೂ ಗಮನಿಸಿಲ್ಲ ಎಂದೇ. ಆದರೆ ಕೊಡವ ತಕ್ಕ್‌ನಲ್ಲಿ ‘ನರಿ’ ಎಂದರೆ ಹುಲಿ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು ಈ ಅರ್ಥವನ್ನು ದಾಖಲಿಸಿದೆ. ಹುಲಿ ಕೊಂದ ವೀರನಿಗೆ ಹಿಂದೆ ನಡೆಸುತ್ತಿದ್ದ ಗೌರವದ ಆಚರಣೆಯ ಹೆಸರು ‘ನರಿ ಮಂಗಲ’. ಮಗು ಪ್ರಾಣಿಯನ್ನು ಸರಿಯಾಗಿ ಗುರುತಿಸಿದೆ, ಕಥೆಯ ತಿರುವನ್ನೂ ಹಿಡಿದಿದೆ. ಅದಕ್ಕೆ ತಿಳಿಯದಿರುವುದು ಒಂದು ಕನ್ನಡ ಪದ ಮಾತ್ರ.

ಈ ಬಗೆಯ ತಪ್ಪು ಅಪಾಯಕಾರಿ. ಅದು ತಪ್ಪಿನಂತೆ ಕಾಣುವುದೇ ಇಲ್ಲ. ‘ನರಿ’ ಎಂಬ ಬರಹದಲ್ಲಿ ಕಾಗುಣಿತ ಸರಿಯಾಗಿದೆ, ಪದ ಕನ್ನಡದ್ದೇ ಆಗಿದೆ. ಆದುದರಿಂದ ದೋಷವನ್ನು ಗ್ರಹಿಕೆಯ ಮೇಲೆ ಹೊರಿಸಲಾಗುತ್ತದೆ.

ಇನ್ನು ಕೆಲವು ಕಡೆ ದೋಷ ಲಿಪಿಯ ಮೇಲೆ ಬೀಳುತ್ತದೆ. ಹಂದಿಯ ಚಿತ್ರದ ಕೆಳಗೆ ‘ಪಂದಿ’ ಎಂದು ಬರೆದ ಮಗುವಿಗೆ ‘ಹ’ ಬರೆಯಲು ಬಾರದೆಂದು ತೀರ್ಮಾನಿಸುವುದು ಸುಲಭ. ಕೊಡವ ತಕ್ಕ್ ಪದಾದಿಯ ಪಕಾರವನ್ನು ಉಳಿಸಿಕೊಂಡ ಭಾಷೆ. ಕನ್ನಡದ ‘ಹುತ್ತರಿ’ ಅಲ್ಲಿ ‘ಪುತ್ತರಿ’. ಹಳಗನ್ನಡದಲ್ಲಿಯೂ ಈ ಪಕಾರವಿತ್ತು. ‘ಪಂದಿ’, ‘ಪಾಲ್’, ‘ಪೂ’ ಮೊದಲಾದ ರೂಪಗಳನ್ನು ಸ್ನಾತಕೋತ್ತರ ತರಗತಿಯಲ್ಲಿ ಆದರದಿಂದ ಪಾಠ ಮಾಡಲಾಗುತ್ತದೆ. ಅದೇ ರೂಪವನ್ನು ಒಂದನೆಯ ತರಗತಿಯಲ್ಲಿ ಕೆಂಪು ಶಾಯಿಯಿಂದ ಹೊಡೆಯಲಾಗುತ್ತದೆ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ಪ್ರಸಿದ್ಧ ಕವಿತೆಯ ಹೆಸರು ‘ಹುತ್ತರಿ ಹಾಡು’. ಅವರ ಶಾಲೆಯ ಕೊಡವ ಮಕ್ಕಳ ಮನೆಗಳಲ್ಲಿ ಆ ಹಬ್ಬ ಪಕಾರದಿಂದಲೇ ಆರಂಭವಾಗುತ್ತಿತ್ತು.

ಕೊಡವ ತಕ್ಕ್‌ಗೆ ಕನ್ನಡ ಲಿಪಿಯಲ್ಲಿ ಚಿಹ್ನೆಯಿಲ್ಲದ ಮಧ್ಯ ಸ್ವರಗಳೂ ಇವೆ. ಎಮೆನೋ ಅವರು 1970ರಲ್ಲಿ ಪ್ರಕಟಿಸಿದ ಲೇಖನ ಈ ಸ್ವರಗಳನ್ನೇ ಕುರಿತದ್ದು. ಇಂತಹ ಸ್ವರವನ್ನು ಕಿವಿಯಲ್ಲಿಟ್ಟುಕೊಂಡ ಮಗು ಪದದ ಕೊನೆಯಲ್ಲಿ ಉಕಾರವನ್ನೋ ಇಕಾರವನ್ನೋ ಒಮ್ಮೆ ಹಾಕಿ ಒಮ್ಮೆ ಬಿಟ್ಟರೆ ಅದು ಅಲಕ್ಷ್ಯದಿಂದಲ್ಲದಿರಬಹುದು. ಲಿಪಿಯಲ್ಲಿಲ್ಲದ ಧ್ವನಿಗೆ ಮಗು ಜಾಗ ಹುಡುಕುತ್ತಿರಬಹುದು. ಮಲಯಾಳಂ ಮನೆಯ ಮಗು ‘ಆನ’ ಎಂದು ಬರೆದರೆ ಎತ್ವ ಬಿಟ್ಟುಹೋಗಿದೆ ಎಂದೆಣಿಸುವ ಮೊದಲು ಆ ಭಾಷೆಯಲ್ಲಿ ಆನೆಗೆ ‘ಆನ’ ಎಂದೇ ಹೆಸರಿದೆ ಎಂಬುದನ್ನು ನೆನೆಯಬೇಕು. ಅರೆಭಾಷೆಯ ‘ಉಟ್ಟು’ ಕನ್ನಡದ ‘ಉಂಟು’. ‘ಮರದಲ್ಲಿ ಹಣ್ಣು ಉಟ್ಟು’ ಎಂಬ ವಾಕ್ಯ, ‘ಉಟ್ಟು’ ಎಂದರೆ ಬಟ್ಟೆ ತೊಟ್ಟು ಎಂದಷ್ಟೇ ಬಲ್ಲವರಿಗೆ ಅಸಂಬದ್ಧವಾಗಿ ಕಾಣುತ್ತದೆ.

2. ಪುಸ್ತಕದಲ್ಲಿರುವ ಎರಡು ಪಠ್ಯಗಳು

ಚಿತ್ರಪುಸ್ತಕವನ್ನು ಚಿತ್ರಗಳಿರುವ ಕಥೆಪುಸ್ತಕ ಎಂದು ತಿಳಿಯುವುದು ರೂಢಿ. ಪೆರಿ ನೊಡೆಲ್ಮನ್ ಅವರ 1988ರ ಗ್ರಂಥವೂ ಮರಿಯಾ ನಿಕೊಲಯೆವಾ ಮತ್ತು ಕ್ಯಾರೊಲ್ ಸ್ಕಾಟ್ ಅವರ 2001ರ ಗ್ರಂಥವೂ ಈ ರೂಢಿಯನ್ನು ಪ್ರಶ್ನಿಸಿವೆ. ಚಿತ್ರಪುಸ್ತಕದಲ್ಲಿ ಮಾತು ಒಂದು ಪಠ್ಯ, ಚಿತ್ರ ಇನ್ನೊಂದು. ಇವೆರಡು ಒಂದನ್ನೊಂದು ಪುಷ್ಟೀಕರಿಸಬಹುದು, ಪೂರೈಸಬಹುದು, ಕೆಲವೊಮ್ಮೆ ಪರಸ್ಪರ ವಿರುದ್ಧವಾಗಿಯೂ ನಡೆಯಬಹುದು.

ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ಇದಕ್ಕೆ ಪ್ರಸಿದ್ಧ ನಿದರ್ಶನ. ಕೋಳಿಯೊಂದು ಅಂಗಳದಲ್ಲೆಲ್ಲ ಅಡ್ಡಾಡಿ ಊಟದ ಹೊತ್ತಿಗೆ ಹಿಂದಿರುಗಿತೆಂಬುದಷ್ಟೇ ಮಾತು. ಚಿತ್ರದಲ್ಲಿ ಮಾತ್ರ ನರಿಯೊಂದು ಅದರ ಬೆನ್ನಿಗೆ ಬಿದ್ದು ಪ್ರತಿ ಪುಟದಲ್ಲೂ ಪೆಟ್ಟು ತಿನ್ನುತ್ತದೆ. ನರಿಯ ಹೆಸರು ಮಾತಿನಲ್ಲಿ ಒಮ್ಮೆಯೂ ಬರುವುದಿಲ್ಲ. ಈ ಪುಸ್ತಕವನ್ನು ನೋಡಿ ‘ಕೋಳಿ ನಡೆಯಿತು, ಮನೆಗೆ ಬಂತು’ ಎಂದು ಬರೆದ ಮಗು ಮಾತನ್ನು ಓದಿದೆ. ‘ನರಿ ನೀರಿಗೆ ಬಿತ್ತು’ ಎಂದು ಬರೆದ ಮಗು ಪುಸ್ತಕವನ್ನು ಓದಿದೆ. ಪಠ್ಯದಲ್ಲಿರುವ ಉತ್ತರವನ್ನೇ ಬಯಸುವ ಮೌಲ್ಯಮಾಪನದಲ್ಲಿ ಮೊದಲನೆಯ ಮಗುವಿಗೆ ಪೂರ್ಣಾಂಕ ದೊರೆಯುತ್ತದೆ. (ಇದೇ ಪುಸ್ತಕವನ್ನು ಕನ್ನಡದಲ್ಲಿ ಹೇಳಿ, ಅದರ ನಾಯಕನನ್ನು ‘ನರಿ’ ಎಂದು ಕರೆದರೆ ಕೊಡವ ಮನೆಯ ಮಗುವಿನ ಮನಸ್ಸಿನಲ್ಲಿ ಯಾವ ಪ್ರಾಣಿ ಮೂಡುತ್ತದೆ ಎಂಬುದನ್ನು ಊಹಿಸಬಹುದು. ಅಲ್ಲಿ ಚಿತ್ರವೇ ಮಗುವಿಗೆ ಕನ್ನಡ ಕಲಿಸುತ್ತದೆ.)

ಲೂಯಿಸ್ ರೋಸೆನ್‌ಬ್ಲಾಟ್ ಅವರು 1938ರಿಂದಲೂ ಪ್ರತಿಪಾದಿಸಿದ ಓದಿನ ಸಿದ್ಧಾಂತದಲ್ಲಿ ಅರ್ಥವು ಪಠ್ಯದಲ್ಲಿ ಸಿದ್ಧವಾಗಿ ಕುಳಿತಿರುವುದಿಲ್ಲ. ಓದುಗ ಮತ್ತು ಪಠ್ಯದ ನಡುವಿನ ವ್ಯವಹಾರದಲ್ಲಿ ಹುಟ್ಟುತ್ತದೆ. ಮಾಹಿತಿಗಾಗಿ ಓದುವುದು ಒಂದು ನಿಲುವು, ಅನುಭವವಾಗಿ ಓದುವುದು ಇನ್ನೊಂದು. ಲಾರೆನ್ಸ್ ಸೈಪ್ ಅವರು 2008ರ ತಮ್ಮ ಗ್ರಂಥದಲ್ಲಿ ಚಿತ್ರಪುಸ್ತಕಗಳನ್ನು ಕೇಳುವ ಪುಟ್ಟ ಮಕ್ಕಳ ಸ್ಪಂದನಗಳನ್ನು ಐದು ಬಗೆಯಾಗಿ ವಿಂಗಡಿಸಿದರು: ಕಥೆಯನ್ನೂ ಚಿತ್ರವನ್ನೂ ವಿಶ್ಲೇಷಿಸುವುದು, ಬೇರೆ ಕಥೆಗಳಿಗೆ ಜೋಡಿಸುವುದು, ತನ್ನ ಬದುಕಿಗೆ ತಂದುಕೊಳ್ಳುವುದು, ಕಥೆಯೊಳಗೇ ಮುಳುಗಿಹೋಗುವುದು, ಕಥೆಯನ್ನು ತನ್ನ ಆಟಕ್ಕೆ ನೆಪವಾಗಿಸಿಕೊಳ್ಳುವುದು. ಈ ವಿಂಗಡಣೆ ಉಪಯುಕ್ತ. ಆದರೆ ಅದು ಮಕ್ಕಳ ಮಾತನ್ನು ಆಧರಿಸಿದ್ದು, ಬರಹವನ್ನಲ್ಲ. ತಾನು ಆಡಿದ ಮಾತಿನ ಹತ್ತರಲ್ಲೊಂದು ಭಾಗವನ್ನೂ ಮಗು ಬರಹಕ್ಕೆ ಇಳಿಸಲಾರದು. ಆದುದರಿಂದ ಬರಹವೊಂದನ್ನೇ ಸಾಕ್ಷಿಯಾಗಿ ಹಿಡಿದು ಸ್ಪಂದನವನ್ನು ಅಳೆಯಲು ಹೊರಡುವುದು ಆರಂಭದಲ್ಲಿಯೇ ಎಡವಿದಂತೆ.

3. ಲಿಪಿಯ ಹೊರೆ

ಬರಹ ಏಕೆ ತೆಳುವಾಗುತ್ತದೆ ಎಂಬುದಕ್ಕೆ ಕನ್ನಡ ಲಿಪಿಯ ಸ್ವರೂಪದಲ್ಲಿಯೇ ಒಂದು ಕಾರಣವಿದೆ. ಮೂಲಾಕ್ಷರಗಳ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಎಂದು ಕಲಿಯಬೇಕಾದ ರೂಪಗಳು ಹಲವು ನೂರು. ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಅರ್ಕಾವತ್ತಾಗಿ ಹಿಂದೆ ಸರಿಯುವಂತಹ ತೊಡಕುಗಳು ಬೇರೆ. ಮಹಾಪ್ರಾಣಗಳ ವಿಚಾರದಲ್ಲಿ ಡಿ.ಎನ್. ಶಂಕರ ಬಟ್ಟರು ಎತ್ತಿದ ಪ್ರಶ್ನೆ ಕನ್ನಡ ವಿದ್ವಾಂಸರಿಗೆ ಪರಿಚಿತ: ಬಹುಪಾಲು ಕನ್ನಡಿಗರ ಮಾತಿನಲ್ಲಿ ಇಲ್ಲದ ವ್ಯತ್ಯಾಸವನ್ನು ಬರಹದಲ್ಲಿ ಮಗು ಕಂಠಪಾಠದಿಂದಲೇ ಕಲಿಯಬೇಕು.

ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡ ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲವೆಂದೂ ನಾಲ್ಕನೆಯ ತರಗತಿಯವರೆಗೆ ಚಾಚಿಕೊಳ್ಳುತ್ತದೆಂದೂ ತೋರಿಸಿತು. ಹಾಗಿದ್ದಲ್ಲಿ ಎರಡನೆಯ ತರಗತಿಯ ಮಗುವಿನ ಸ್ಪಂದನ ಬರಹದಲ್ಲಿ ಒತ್ತಕ್ಷರ ತಪ್ಪುವುದು ಕಲಿಕೆಯ ಸಹಜ ಹಂತ. ಅರ್ಜೆಂಟೀನಾದಲ್ಲಿ ಎಮಿಲಿಯಾ ಫೆರೇರೋ ಮತ್ತು ಆನಾ ಟೆಬೆರೋಸ್ಕಿ ಅವರು 1979ರ ಗ್ರಂಥದಲ್ಲಿ ಮಂಡಿಸಿದ ವಿಚಾರವೂ ಇದನ್ನೇ ಬೆಂಬಲಿಸುತ್ತದೆ: ಮಗುವಿನ ‘ತಪ್ಪು’ ಬರಹದ ಹಿಂದೆ ಬರವಣಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಅದೇ ಕಟ್ಟಿಕೊಂಡ ಊಹೆಯೊಂದು ಇರುತ್ತದೆ.

ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯ ಕನ್ನಡ ಶಾಲೆಗಳಲ್ಲಿಯೂ ಮಹಾರಾಷ್ಟ್ರದ ವಾಡಾದ ಮರಾಠಿ ಶಾಲೆಗಳಲ್ಲಿಯೂ ನಡೆಸಿ 2017ರಲ್ಲಿ ವರದಿ ಮಾಡಿದ ಮೂರು ವರ್ಷಗಳ ಅಧ್ಯಯನ ಇನ್ನೊಂದು ಸಂಗತಿಯನ್ನು ಮುಂದಿಟ್ಟಿತು. ಆರಂಭಿಕ ತರಗತಿಗಳಲ್ಲಿ ಬರವಣಿಗೆ ಎಂದರೆ ಹೆಚ್ಚಾಗಿ ನೋಡಿ ಬರೆಯುವುದು ಮತ್ತು ಉಕ್ತಲೇಖನ. ಮಗು ತನ್ನ ಮಾತನ್ನು ತಾನೇ ಬರೆಯುವ ಅವಕಾಶ ಅಪರೂಪ. ಹೀಗಿರುವಾಗ ಚಿತ್ರಪುಸ್ತಕಕ್ಕೆ ಬರೆಯುವ ಸ್ಪಂದನವು ಮಗುವಿನ ಸ್ವಂತ ಬರಹದ ಮೊದಲ ಸಂದರ್ಭವಾಗಿರಬಹುದು. ಅದನ್ನೂ ಉಕ್ತಲೇಖನದ ಕಣ್ಣಿನಿಂದಲೇ ತಿದ್ದಿದರೆ ಮಗು ಬೇಗನೆ ಒಂದು ಉಪಾಯವನ್ನು ಕಲಿಯುತ್ತದೆ: ತಪ್ಪಾಗದ ಪದಗಳನ್ನು ಮಾತ್ರ ಬರೆಯುವುದು. ‘ಇದು ಮರ. ಇದು ಮನೆ. ಇದು ಆನೆ.’ ಇಲ್ಲಿ ತಿದ್ದಲು ಏನೂ ಇಲ್ಲ, ಓದಲೂ ಏನೂ ಇಲ್ಲ. ‘ಆನೆಗೆ ಸಿಟು ಬಂತು ಯಾಕದರೆ ತೊಟಕೆ ಬೆಲಿ ಹಾಕಿದರು’ ಎಂದು ಬರೆದ ಮಗು ಆರು ಕಡೆ ತಪ್ಪಿದೆ. ಆದರೆ ಕಾರಣವನ್ನು ಹುಡುಕಿದೆ, ಪ್ರಾಣಿಯ ಭಾವವನ್ನು ಊಹಿಸಿದೆ, ಎರಡು ಸಂಗತಿಗಳನ್ನು ಜೋಡಿಸಿದೆ. ತಪ್ಪುಗಳ ಎಣಿಕೆಯ ಪದ್ಧತಿ ಮೊದಲನೆಯ ಮಗುವನ್ನು ಮುಂದೆ ಕೂರಿಸುತ್ತದೆ.

4. ಎರಡು ಆನೆಗಳು

ಆನೆಯ ಉದಾಹರಣೆಯನ್ನು ಇನ್ನಷ್ಟು ವಿಸ್ತರಿಸುವುದು ಉಚಿತ. ಮಕ್ಕಳ ಪುಸ್ತಕಗಳಲ್ಲಿ ಆನೆ ಸಾಮಾನ್ಯವಾಗಿ ದೊಡ್ಡ ಮೈಯ, ಮೃದು ಮನಸ್ಸಿನ ಗೆಳೆಯ. ಇಂತಹ ಪುಸ್ತಕವನ್ನು ಓದಿದ ಬಳಿಕ ಶಿಕ್ಷಕರು ನಿರೀಕ್ಷಿಸುವ ವಾಕ್ಯ ‘ಆನೆ ನಮ್ಮ ಗೆಳೆಯ’ ಎಂಬಂತಹದು. ದಕ್ಷಿಣ ಕೊಡಗಿನಲ್ಲಿ, ನಾಗರಹೊಳೆ ಅರಣ್ಯದ ಅಂಚಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬೆಳೆಯುವ ಮಗುವಿಗೆ ಆನೆ ಹಾಗಲ್ಲ. ಆನೆ ತೋಟಕ್ಕೆ ಬಂದಿದೆಯೆಂಬ ಸುದ್ದಿಯಿಂದ ಕೆಲಸ ನಿಲ್ಲುತ್ತದೆ, ಶಾಲೆಗೆ ಹೋಗುವ ದಾರಿ ಬದಲಾಗುತ್ತದೆ. ಕಂದಕ, ಸೋಲಾರ್ ಬೇಲಿ ಆ ಮಗುವಿನ ದಿನನಿತ್ಯದ ಪದಗಳು. ಅದು ‘ಆನೆ ಬಂದರೆ ಓಡಬೇಕು’ ಎಂದು ಬರೆದರೆ ಪುಸ್ತಕ ಅರ್ಥವಾಗಿಲ್ಲ ಎನ್ನಲಾಗದು. ಪುಸ್ತಕ ಹೇಳಿದ್ದನ್ನು ತನ್ನ ಅನುಭವದ ಎದುರು ಇಟ್ಟು ಒಪ್ಪದೆ ಉಳಿದಿದೆ. ವಯಸ್ಕ ಓದುಗ ಹೀಗೆ ಮಾಡಿದರೆ ಅದನ್ನು ವಿಮರ್ಶೆ ಎನ್ನುತ್ತಾರೆ.

ದುಬಾರೆ ಅಥವಾ ಮತ್ತಿಗೋಡು ಆನೆ ಶಿಬಿರದ ಸಮೀಪದ ಹಾಡಿಯ ಮಗುವಿನ ಆನೆ ಬೇರೆ. ಶಿಬಿರಗಳ ಮಾವುತರಲ್ಲಿ ಜೇನುಕುರುಬರು ಹಲವರು. ಅಂತಹ ಮನೆಯ ಮಗುವಿಗೆ ಆನೆಗೆ ಹೆಸರಿದೆ, ಸ್ನಾನದ ಹೊತ್ತಿದೆ, ಮುನಿಸಿದೆ. ಪುಸ್ತಕದ ಚಿತ್ರದಲ್ಲಿ ಆನೆಯ ಕಿವಿ, ಕಾಲುಗುರುಗಳು ಸರಿಯಾಗಿಲ್ಲವೆಂದು ಅದು ಬರೆಯಬಹುದು. ಒಂದೇ ಚಿತ್ರಕ್ಕೆ ಬಂದ ಈ ಎರಡು ಸ್ಪಂದನಗಳೂ ಮಾದರಿ ಉತ್ತರಕ್ಕೆ ಹೊಂದುವುದಿಲ್ಲ. ಎರಡೂ ಮಾದರಿ ಉತ್ತರಕ್ಕಿಂತ ಹೆಚ್ಚಿನ ಓದನ್ನು ಸೂಚಿಸುತ್ತವೆ. ಕಥೆಯಿಂದ ನೀತಿಯನ್ನು ಹಿಂಡುವ ಪ್ರಶ್ನೆಗಳಿಂದ ಇವು ಹೊರಬರಲಾರವು. ‘ಈ ಪುಸ್ತಕದಲ್ಲಿ ಯಾವುದು ನಿಜವಲ್ಲ ಅನ್ನಿಸಿತು?’ ಎಂದು ಕೇಳಿದರೆ ಹೊರಬರಬಹುದು.

5. ಮೌಲ್ಯಮಾಪನದ ದಾರಿ

ಕರ್ನಾಟಕದಲ್ಲಿ ಇದಕ್ಕೆ ನೆಲ ಸಿದ್ಧವಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಮಗು ತನ್ನ ವೇಗದಲ್ಲಿ ಕಲಿಯಬೇಕೆಂಬುದು ಅದರ ತಳಹದಿ. ಶಿಕ್ಷಣ ಹಕ್ಕು ಕಾಯಿದೆಯ ನಂತರ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವು ಕೃತಿಸಂಪುಟಕ್ಕೆ ಸ್ಥಾನ ನೀಡಿತು. ಇನ್ನೊಂದೆಡೆ 2005ರಿಂದ ಪ್ರಕಟವಾಗುತ್ತಿರುವ ಅಸರ್ ಸಮೀಕ್ಷೆಗಳೂ 2021ರ ನಿಪುಣ್ ಭಾರತ್ ಯೋಜನೆಯೂ ಓದಿನ ಸಾಮರ್ಥ್ಯದ ಅಳತೆಯನ್ನು ಸಾರ್ವಜನಿಕ ಚರ್ಚೆಗೆ ತಂದವು. ಇವುಗಳ ಉಪಯೋಗವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮಗು ಕಥೆಯ ಮಟ್ಟವನ್ನು ತಲುಪಿದೆ ಎಂಬ ಮಾಹಿತಿ, ಆ ಕಥೆ ಮಗುವನ್ನು ತಲುಪಿತೇ ಎಂಬುದನ್ನು ಹೇಳದು.

ಸ್ಪಂದನ ಬರಹವನ್ನು ಎರಡು ಸಲ ಓದುವ ಕ್ರಮವೊಂದನ್ನು ಇಲ್ಲಿ ಸೂಚಿಸಬಹುದು. ಮೊದಲ ಓದಿನಲ್ಲಿ ಕೆಂಪು ಪೆನ್ನು ಬೇಡ. ಮಗುವನ್ನು ಹತ್ತಿರ ಕರೆದು ಅದು ಬರೆದದ್ದನ್ನು ಅದರಿಂದಲೇ ಓದಿಸಬೇಕು. ‘ಸಿಟು’ ಎಂದು ಬರೆದ ಮಗು ‘ಸಿಟ್ಟು’ ಎಂದೇ ಓದುತ್ತದೆ. ‘ನರಿ’ ಎಂದು ಬರೆದ ಮಗು ಹುಲಿಯ ಮೇಲೆ ಬೆರಳಿಡುತ್ತದೆ. ಬರಹದ ಅರ್ಧ ಗೊಂದಲ ಇಲ್ಲಿಯೇ ಕಳೆಯುತ್ತದೆ. ಬಳಿಕ ಮಗು ಚಿತ್ರದಲ್ಲಿ ಏನನ್ನು ಗಮನಿಸಿದೆ, ಕಾರಣವನ್ನು ಊಹಿಸಿದೆಯೇ, ಬೇರೆ ಕಥೆಗೋ ತನ್ನ ಬದುಕಿಗೋ ಜೋಡಿಸಿದೆಯೇ, ಪುಸ್ತಕವನ್ನು ಒಪ್ಪಿದೆಯೇ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದಿಡಬೇಕು. ಅಂಕ ಅನಗತ್ಯ. ಎರಡನೆಯ ಓದು ಲಿಪಿಗಾಗಿ. ಅದರ ದಾಖಲೆ ಬೇರೆ ಪುಟದಲ್ಲಿರಬೇಕು; ಅಲ್ಲಿಯೂ ಮನೆಮಾತಿನಿಂದ ಬಂದ ರೂಪವನ್ನು ಅಕ್ಷರದ ತಪ್ಪಿನೊಂದಿಗೆ ಬೆರೆಸಬಾರದು. ‘ಪಂದಿ’ಗೆ ಪದದ ಪಾಠ ಬೇಕು, ‘ಸಿಟು’ವಿಗೆ ಒತ್ತಕ್ಷರದ ಪಾಠ.

ಇದರಿಂದ ಶಿಷ್ಟ ಕನ್ನಡ ಕಲಿಸುವ ಹೊಣೆ ತಪ್ಪುತ್ತದೆಯೇ ಎಂಬ ಆಕ್ಷೇಪ ಸಹಜ. ತಪ್ಪುವುದಿಲ್ಲ. ಕೊಡಗಿನ ಮಗುವಿಗೆ ಶಿಷ್ಟ ಕನ್ನಡ ಬೇಕು. ಪರೀಕ್ಷೆ, ಕಚೇರಿ, ಮುಂದಿನ ಓದು ಎಲ್ಲವೂ ಅದರಲ್ಲಿವೆ. ಎರಡನೆಯ ಓದು ಇರುವುದೇ ಅದಕ್ಕಾಗಿ. ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡವನ್ನು ಬಹುವಚನದಲ್ಲಿ ಕಂಡ, ಕೆ.ವಿ. ಸುಬ್ಬಣ್ಣನವರು ಆ ‘ಕನ್ನಡಂಗಳ್’ ಎಂಬುದನ್ನು ನಮ್ಮ ಕಾಲದ ಚರ್ಚೆಗೆ ಮರಳಿ ತಂದರು. ಹಲವು ಕನ್ನಡಗಳನ್ನು ವಿಚಾರ ಸಂಕಿರಣಗಳಲ್ಲಿ ಒಪ್ಪಿಕೊಂಡು ತರಗತಿಯಲ್ಲಿ ನಿರಾಕರಿಸುವುದು ವಿಚಿತ್ರ. ಕೊಡವ ತಕ್ಕ್, ಮಲಯಾಳಂ ಸ್ವತಂತ್ರ ಭಾಷೆಗಳಾದುದರಿಂದ ಅಲ್ಲಿ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು.

ಶಿಕ್ಷಕರಿಗೆ ಈ ಭಾಷೆಗಳೆಲ್ಲ ಬರಬೇಕೇ ಎಂಬುದು ಎರಡನೆಯ ಆಕ್ಷೇಪ, ಮತ್ತು ಹೆಚ್ಚು ಗಂಭೀರವಾದುದು. ಬಯಲುಸೀಮೆಯಿಂದ ವಿರಾಜಪೇಟೆಗೆ ವರ್ಗವಾಗಿ ಬಂದವರಿಂದ ಅದನ್ನು ನಿರೀಕ್ಷಿಸಲಾಗದು. ಆದರೆ ಮಕ್ಕಳ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪ್ರಾಣಿ, ಹಣ್ಣು, ನಂಟು, ಮನೆಯ ಸಾಮಾನುಗಳ ಹೆಸರುಗಳು ಅಸಂಖ್ಯವೇನಲ್ಲ. ಪುಸ್ತಕದ ಚಿತ್ರವನ್ನು ತೋರಿಸಿ ‘ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?’ ಎಂದು ಕೇಳಿ ಗೋಡೆಯ ಮೇಲೆ ಬರೆಸಿದರೆ ಒಂದು ವರ್ಷದಲ್ಲಿ ಶಾಲೆಗೆ ತನ್ನದೇ ಪದಕೋಶ ದೊರೆಯುತ್ತದೆ. ಹುಲಿಯ ಪಕ್ಕದಲ್ಲಿ ‘ನರಿ’ ಬರೆದಾಗ ಕನ್ನಡ ಮನೆಯ ಮಕ್ಕಳು ನಗುತ್ತಾರೆ. ಆ ನಗುವಿನಿಂದ ಪಾಠ ಶುರುವಾಗಬಹುದು. 1994ರಲ್ಲಿ ಸ್ಥಾಪನೆಯಾದ ಕೊಡವ ಸಾಹಿತ್ಯ ಅಕಾಡೆಮಿಯೂ 2011ರಲ್ಲಿ ಬಂದ ಅರೆಭಾಷೆ ಅಕಾಡೆಮಿಯೂ ಮಡಿಕೇರಿಯಲ್ಲಿವೆ; ಇಂತಹ ಪಟ್ಟಿಗಳನ್ನು ಶಾಲೆಗಳಿಗೆ ಒದಗಿಸುವುದು ಅವುಗಳಿಗೆ ಕಷ್ಟದ ಕೆಲಸವಲ್ಲ.

ಇಬ್ಬರು ಶಿಕ್ಷಕರು ಒಂದೇ ಬರಹವನ್ನು ಎರಡು ಬಗೆಯಾಗಿ ಓದುವರು ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಾಹಿತ್ಯ ವಿಮರ್ಶೆ ಇದಕ್ಕೆ ಹೆದರುವುದಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಅಂಕಿ ಅಂಶಗಳ ಜೊತೆಗೆ ಐದಾರು ಮಕ್ಕಳ ಬರಹಗಳನ್ನು ಹೆಸರಿಲ್ಲದೆ ಹಂಚಿ ಒಟ್ಟಿಗೆ ಓದುವುದು ಸಾಧ್ಯ. ಯಾವುದನ್ನು ಒಬ್ಬರು ತಪ್ಪೆಂದರು, ಇನ್ನೊಬ್ಬರು ಏಕೆ ಅಲ್ಲವೆಂದರು ಎಂಬ ಮಾತುಕತೆಯೇ ತರಬೇತಿ.

ಅತ್ಯಂತ ಕಠಿಣವಾದ ಸನ್ನಿವೇಶ ಯರವ ಮಕ್ಕಳದು. ಬಿ. ಮಲ್ಲಿಕಾರ್ಜುನ ಅವರ ಯರವ ಭಾಷೆಯ ವರ್ಣನಾತ್ಮಕ ವಿಶ್ಲೇಷಣೆಯನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1993ರಲ್ಲಿ ಪ್ರಕಟಿಸಿದೆ. ಆದರೆ ಅದು ಭಾಷಾವಿಜ್ಞಾನಿಗಳ ಪುಸ್ತಕ, ಶಾಲೆಯ ಮೇಜಿನ ಮೇಲಿರುವಂತಹದಲ್ಲ. ತಂದೆತಾಯಿ ಕಾಫಿ ಕೊಯ್ಲಿಗೆ ತೋಟದಿಂದ ತೋಟಕ್ಕೆ ಹೋಗುವ ತಿಂಗಳುಗಳಲ್ಲಿ ಮಗುವಿನ ಶಾಲೆಯೂ ತಪ್ಪುತ್ತದೆ. ಕೃತಿಸಂಪುಟದಲ್ಲಿ ಹಾಳೆಗಳ ಬದಲು ಖಾಲಿ ಜಾಗ ಉಳಿಯುತ್ತದೆ. ಇಂತಹ ಮಗುವಿನಿಂದ ಪುಸ್ತಕದ ಬಗ್ಗೆ ಲಿಖಿತ ಸ್ಪಂದನವನ್ನು ಬೇಡುವ ಮೊದಲು ಅದು ತನ್ನ ಮಾತಿನಲ್ಲಿ ಹೇಳಿದ್ದನ್ನು ಶಿಕ್ಷಕರೇ ಅಥವಾ ಮೇಲಿನ ತರಗತಿಯ ಯರವ ವಿದ್ಯಾರ್ಥಿಯೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಮಗುವಿನ ಚಿತ್ರದ ಕೆಳಗೆ ಅಂಟಿಸಿ, ದಿನಾಂಕ ಹಾಕಿಡಬೇಕು. ಮೊದಲ ವರ್ಷದ ಮಟ್ಟಿಗೆ ಅದನ್ನೇ ಮಗುವಿನ ಲಿಖಿತ ಸ್ಪಂದನವೆಂದು ದಾಖಲಿಸಲು ಅಡ್ಡಿಯಿರಬಾರದು.